ಎಸ್ಸೆಸ್ಸೆಲ್ಸಿ ಪರೀಕ್ಷಾ ಭದ್ರತೆ: ಖಜಾನೆಗೆ ಬೀಗ, ಕೊಠಡಿಗೆ ಕ್ಯಾಮೆರಾ, ಮೇಲ್ವಿಚಾರಕರಿಗೆ ಬರೀ ಸುತ್ತೋಲೆ

ಮಾರ್ಚ್ ಬಂತೆಂದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಸುತ್ತ ಅವೇ ತಕರಾರುಗಳು ಶುರುವಾಗುತ್ತವೆ. ಕೊಠಡಿಯೊಳಗೆ ಕ್ಯಾಮೆರಾ ಬೇಕಿತ್ತೇ? ಶಿಕ್ಷಕರ ಮೊಬೈಲನ್ನೂ ತೆಗೆದಿರಿಸಿಕೊಳ್ಳುವುದು ಸರಿಯೇ? ಮೇಲ್ವಿಚಾರಣೆಗೆ ಬೇರೆ ಶಾಲೆಯವರನ್ನೇ ಯಾಕೆ ಹಾಕಬೇಕು? 2024ರಲ್ಲಿ ಫಲಿತಾಂಶ ಒಮ್ಮೆಗೇ ಕುಸಿದದ್ದೇಕೆ? ಈ ನಿಯಮಗಳೆಲ್ಲ ಒಂದೇ ದಿನ ಕೂತು ಬರೆದವಲ್ಲ. ಒಂದೊಂದು ಎಡವಟ್ಟಾದ ಮೇಲೆ ಒಂದೊಂದು ಸೇರಿಕೊಂಡು ಈಗಿನ ರೂಪಕ್ಕೆ ಬಂದಿವೆ. ಅವು ಬಂದ ಕ್ರಮ ನೋಡಿದರೆ, ಯಾವ ಕಡೆಗೆ ಗಮನ ಹೋಗಿದೆ, ಯಾವುದು ಹಾಗೆಯೇ ಉಳಿದಿದೆ ಎಂಬುದೂ ಕಾಣುತ್ತದೆ.

ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಆರಂಭವಾದದ್ದು 1966ರಲ್ಲಿ. ಅಲ್ಲಿಂದ ಮುಂದಿನ ಹಲವು ದಶಕ ಪರೀಕ್ಷಾ ಭದ್ರತೆಯೆಂದರೆ ಅರಗಿನ ಮುದ್ರೆ, ಬಟ್ಟೆ ಹೊದಿಕೆಯ ಬಂಡಲ್, ಪತ್ರಿಕೆ ಇಡುವ ಸರ್ಕಾರಿ ಖಜಾನೆಯ ಬೀಗ ಮತ್ತು ಹೊರಗೊಬ್ಬ ಪೊಲೀಸ್. ನಕಲು ಆಗ ಚೀಟಿಯಲ್ಲಿ, ಆಮೇಲೆ ಜೆರಾಕ್ಸ್ ಪ್ರತಿಯಲ್ಲಿ ಓಡಾಡುತ್ತಿತ್ತು. ಕೇಂದ್ರದ 200 ಮೀಟರ್ ಸುತ್ತ ನಿಷೇಧಾಜ್ಞೆ ಹಾಕಿ ಜೆರಾಕ್ಸ್ ಅಂಗಡಿ ಮುಚ್ಚಿಸುವ ಪದ್ಧತಿ ಆ ಕಾಲದ್ದು, ಇವತ್ತಿಗೂ ನಡೆದಿದೆ. ಕ್ಯಾಮೆರಾ ಇರುವ ಫೋನು ಎಲ್ಲರ ಜೇಬಿಗೆ ಬಂದ ಮೇಲೆ 200 ಮೀಟರ್ ಎಂಬ ಅಂತರಕ್ಕೆ ಅರ್ಥ ಉಳಿಯಲಿಲ್ಲ. ಹತ್ತು ಗಂಟೆಗೆ ತೆಗೆದ ಚಿತ್ರ ಹತ್ತೂ ಐದಕ್ಕೆ ಇನ್ನೊಂದು ಜಿಲ್ಲೆ ತಲುಪಿರುತ್ತದೆ.

2016 ಮತ್ತು ಅದರ ನಂತರ

ಇಂದಿನ ವ್ಯವಸ್ಥೆಯ ಬಹುಪಾಲು ಹುಟ್ಟಿದ್ದು ಎಸ್ಸೆಸ್ಸೆಲ್ಸಿಯಿಂದಲ್ಲ, ಪಿಯು ಪರೀಕ್ಷೆಯಿಂದ. 2016ರ ಮಾರ್ಚ್ 21ರಂದು ನಡೆದ ದ್ವಿತೀಯ ಪಿಯು ರಸಾಯನವಿಜ್ಞಾನದ ಪ್ರಶ್ನೆಪತ್ರಿಕೆ ಸೋರಿಕೆಯಾಗಿತ್ತು. ಮಾರ್ಚ್ 31ಕ್ಕೆ ಮರುಪರೀಕ್ಷೆ ನಿಗದಿಯಾಯಿತು. ಆ ಪತ್ರಿಕೆಯೂ ಹೊರಬಿದ್ದು ಪರೀಕ್ಷೆಯೇ ರದ್ದಾಯಿತು. ಏಪ್ರಿಲ್ 12ರಂದು ಕೊನೆಗೂ ಪರೀಕ್ಷೆ ಮುಗಿಯುವ ಹೊತ್ತಿಗೆ ಒಂದೂಮುಕ್ಕಾಲು ಲಕ್ಷದಷ್ಟು ಮಕ್ಕಳು ಒಂದೇ ವಿಷಯಕ್ಕೆ ಮೂರು ಸಲ ಓದಿ ತಯಾರಾಗಿದ್ದರು. ಸಿಐಡಿ ತನಿಖೆ, ಬಂಧನಗಳು, ಇಲಾಖೆಯೊಳಗೆ ಸಾಲು ಸಾಲು ಅಮಾನತು ಎಲ್ಲವೂ ನಡೆದವು.

ಆಮೇಲಿನ ಸುಧಾರಣೆಗಳು ಸಣ್ಣವೇನಲ್ಲ. ಖಜಾನೆಗಳಿಗೆ ಸಿಸಿಟಿವಿ ಬಂತು, ಪತ್ರಿಕೆ ಸಾಗಿಸುವ ವಾಹನಗಳಿಗೆ ಜಿಪಿಎಸ್ ಬಂತು, ಕಾನೂನಿನಲ್ಲಿ ಶಿಕ್ಷೆ ಬಿಗಿಯಾಯಿತು. ಬೀಗ ತೆಗೆಯುವಾಗ ಒಬ್ಬರೇ ಇರಬಾರದು ಎಂಬುದನ್ನು ಕಟ್ಟುನಿಟ್ಟು ಮಾಡಲಾಯಿತು. ಪತ್ರಿಕೆ ಪರೀಕ್ಷೆಯ ದಿನ ಬೆಳಿಗ್ಗೆ ಖಜಾನೆಯಿಂದ ಹೊರಟು ಅದನ್ನು ಸಾಗಿಸುವ ಮಾರ್ಗಾಧಿಕಾರಿಯ ಕೈಯಿಂದ ಕೇಂದ್ರದಲ್ಲಿ ಅದನ್ನು ಕಾಯುವ ಪ್ರಶ್ನೆಪತ್ರಿಕೆ ಅಭಿರಕ್ಷಕರಿಗೆ, ಅಲ್ಲಿಂದ ಕೇಂದ್ರದ ಹೊಣೆ ಹೊತ್ತ ಮುಖ್ಯ ಅಧೀಕ್ಷಕರಿಗೆ ಬರುತ್ತದೆ. ಪ್ರತಿ ಹಸ್ತಾಂತರಕ್ಕೂ ಸಮಯ ಬರೆದು ಸಹಿ ಹಾಕಬೇಕು. ಈ ಸರಪಳಿ ಈಗ ಮಟ್ಟಸವಾಗಿದೆ. ಆದರೆ ಇದು ಕಾಯುವುದು ಬೆಳಗಿನ ಹತ್ತು ಗಂಟೆಯವರೆಗಿನ ಭದ್ರತೆಯನ್ನು. ಹತ್ತರ ನಂತರ ಪತ್ರಿಕೆ ಒಬ್ಬ ಶಿಕ್ಷಕರ ಕೈಗೆ ಬರುತ್ತದೆ. 2016ರ ಪಾಠ ಆ ಕೈಯವರೆಗೆ ತಲುಪಲಿಲ್ಲ.

ಹೇಳಿಕೊಡದೆ ಬಿಟ್ಟರೆ ಜನ ತಮಗೆ ತೋಚಿದ್ದನ್ನು ಮಾಡುತ್ತಾರೆ. 2019ರ ಅಕ್ಟೋಬರ್‌ನಲ್ಲಿ ಹಾವೇರಿಯ ಖಾಸಗಿ ಪಿಯು ಕಾಲೇಜೊಂದರಲ್ಲಿ ಪಕ್ಕದವರದು ಕಾಣದಿರಲೆಂದು ವಿದ್ಯಾರ್ಥಿಗಳ ತಲೆಗೆ ರಟ್ಟಿನ ಡಬ್ಬಿ ತೊಡಿಸಿ ಪರೀಕ್ಷೆ ಬರೆಸಿದ ಚಿತ್ರ ದೇಶವೆಲ್ಲ ಸುತ್ತಿತು. ಬೆಂಚುಗಳ ನಡುವಿನ ಅಂತರ, ಎದ್ದು ಓಡಾಡುವ ಮೇಲ್ವಿಚಾರಕ, ಅದಲುಬದಲಾದ ಆಸನ ಕ್ರಮ, ಇಷ್ಟರಿಂದ ಆಗುವ ಕೆಲಸ ಅದು.

ಕೋವಿಡ್ ವರ್ಷಗಳು ಬೇರೆ ಕಾರಣಕ್ಕೆ ಮುಖ್ಯ. 2020ರಲ್ಲಿ ಜೂನ್ 25ರಿಂದ ಜುಲೈ 4ರವರೆಗೆ ಪರೀಕ್ಷೆ ನಡೆದಾಗ ಮಾಸ್ಕ್, ಜ್ವರ ತಪಾಸಣೆ, ಅಂತರ ಎಲ್ಲವನ್ನೂ ಶಾಲಾ ಸಿಬ್ಬಂದಿಯೇ ನಿಭಾಯಿಸಬೇಕಾಯಿತು. 2021ರ ಜುಲೈ 19 ಮತ್ತು 22ರಂದು ಎರಡೇ ದಿನದಲ್ಲಿ, ಬಹುಆಯ್ಕೆ ಪ್ರಶ್ನೆ ಮತ್ತು ವೃತ್ತ ತುಂಬಿ ಉತ್ತರ ಗುರುತಿಸುವ ಒಎಂಆರ್ ಹಾಳೆಯಲ್ಲಿ, ಕೊಠಡಿಗೆ 12 ಮಕ್ಕಳಂತೆ ಇಡೀ ಪರೀಕ್ಷೆ ಮುಗಿಯಿತು. ಒಎಂಆರ್ ಕೈಯಲ್ಲಿ ಹಿಡಿದೇ ಅಭ್ಯಾಸವಿಲ್ಲದ ಶಿಕ್ಷಕರಿಗೆ, ಮಕ್ಕಳಿಗೆ ಮಾದರಿ ಹಾಳೆ ಕೊಟ್ಟು ವೃತ್ತ ತುಂಬಿಸಿ ನೋಡಲಾಯಿತು. ಹಲವೆಡೆ ಗೇಟಿನಿಂದ ಕೊಠಡಿಯವರೆಗೆ ಅಣಕು ಅಭ್ಯಾಸವೂ ನಡೆಯಿತು. ಪರೀಕ್ಷೆ ನಡೆಸುವುದನ್ನೂ ತಾಲೀಮು ಮಾಡಬಹುದು ಎಂದು ತೋರಿಸಿಕೊಟ್ಟ ವರ್ಷಗಳು ಅವು. ಸೋಂಕು ಇಳಿದಂತೆ ತಾಲೀಮೂ ನಿಂತಿತು.

ಕ್ಯಾಮೆರಾ ಬಂದ ವರ್ಷ

2022ರಲ್ಲಿ ಎಸ್ಸೆಸ್ಸೆಲ್ಸಿ ಮತ್ತು ಪಿಯು ಪರೀಕ್ಷೆಗಳು ಒಂದೇ ಮಂಡಳಿಯಡಿ ಬಂದವು; ಅದೇ ಈಗಿನ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. 2024ರಲ್ಲಿ ಪೂರಕ ಪರೀಕ್ಷೆ ಹೋಗಿ, ವರ್ಷಕ್ಕೆ ಮೂರು ಅವಕಾಶವಾಗಿ ಪರೀಕ್ಷೆ-1, 2, 3 ಬಂದವು. ಅದೇ ವರ್ಷ ಎಸ್ಸೆಸ್ಸೆಲ್ಸಿ ಕೊಠಡಿಗಳಿಗೆ ಕ್ಯಾಮೆರಾ ಹಾಕಿ, ವೆಬ್‌ಕಾಸ್ಟಿಂಗ್ ಮೂಲಕ ಜಿಲ್ಲಾ ಮಟ್ಟದಲ್ಲಿ ಕೂತು ನೋಡುವ ಏರ್ಪಾಟಾಯಿತು. ಉತ್ತೀರ್ಣ ಪ್ರಮಾಣ 2023ರಲ್ಲಿ ಶೇ 83.89 ಇದ್ದದ್ದು 2024ರಲ್ಲಿ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿ, ಅದನ್ನು ಪಡೆಯಲು ಬೇಕಿದ್ದ ಕನಿಷ್ಠ ಅಂಕವನ್ನು ಶೇ 35ರಿಂದ ಶೇ 25ಕ್ಕೆ ಇಳಿಸಿದ ಮೇಲೆ. ಕೃಪಾಂಕ ಕೈಬಿಟ್ಟ 2025ರಲ್ಲಿ, ಪರೀಕ್ಷೆ-1ರಲ್ಲಿ ಶಾಲಾ ಅಭ್ಯರ್ಥಿಗಳ ಪ್ರಮಾಣ ಶೇ 66.14 ಆಯಿತು.

ಹಿಂದೆ ಅಷ್ಟೂ ನಕಲಾಗಿತ್ತು ಎಂದು ಈ ಅಂಕಿಗಳಿಂದ ನೇರವಾಗಿ ತೀರ್ಮಾನಿಸುವುದು ಅವಸರ. ಕೋವಿಡ್ ಕಾಲದಲ್ಲಿ ಕೆಳ ತರಗತಿಗಳ ಕಲಿಕೆ ಕಳೆದುಕೊಂಡ ಮಕ್ಕಳೂ ಇವರೇ. ಆದರೆ ಕ್ಯಾಮೆರಾ ಇರುವ ಕೊಠಡಿಗೂ ಇಲ್ಲದ ಕೊಠಡಿಗೂ ವ್ಯತ್ಯಾಸವಿದೆ ಎಂಬುದನ್ನು ತಳ್ಳಿಹಾಕುವಂತಿಲ್ಲ. ಹಾಗಿದ್ದರೆ ಕೊಠಡಿಯಿಂದ ಕೊಠಡಿಗೆ ಪರೀಕ್ಷೆ ನಡೆಯುವ ರೀತಿ ಇಷ್ಟು ಬೇರೆ ಯಾಕಿತ್ತು? ಇದಕ್ಕೆ ಉತ್ತರ ಕ್ಯಾಮೆರಾದಲ್ಲಿ ಇಲ್ಲ.

ಕೊಠಡಿಯೊಳಗೆ ಏನು ತಪ್ಪುತ್ತದೆ

ಎಂಟೂವರೆ ಲಕ್ಷ ಮಕ್ಕಳಿಗೆ ಕೊಠಡಿಗೆ 24ರಂತೆ ಲೆಕ್ಕ ಹಾಕಿದರೆ ಒಂದು ದಿನಕ್ಕೆ 35 ಸಾವಿರಕ್ಕೂ ಹೆಚ್ಚು ಕೊಠಡಿ ಮೇಲ್ವಿಚಾರಕರು ಬೇಕು. ಆ ದಿನದ ವಿಷಯ ಬೋಧಿಸುವವರನ್ನು ಹಾಕುವಂತಿಲ್ಲ, ಆ ಮಕ್ಕಳ ಶಾಲೆಯವರನ್ನೂ ಹಾಕುವಂತಿಲ್ಲ. ಇವರಲ್ಲಿ ಹಲವರು ಮೊದಲ ಸಲ ಈ ಕೆಲಸಕ್ಕೆ ಬಂದವರು. ಇವರಿಗೆ ಸಿಗುವ ತರಬೇತಿಯೆಂದರೆ ಸಾಮಾನ್ಯವಾಗಿ ಪರೀಕ್ಷೆಗೆ ಮೊದಲು ಒಂದು ಪೂರ್ವಭಾವಿ ಸಭೆ. ಅಲ್ಲಿ ಸುತ್ತೋಲೆ ಓದುತ್ತಾರೆ, ತಪ್ಪಿದರೆ ಅಮಾನತು ಎಂದು ಎಚ್ಚರಿಸುತ್ತಾರೆ, ಹಾಜರಿ ಹಾಕಿ ಕಳಿಸುತ್ತಾರೆ. ಕವರ್ ಹೇಗೆ ತೆರೆಯಬೇಕು ಎಂದು ಕವರ್ ಹಿಡಿದು ತೋರಿಸುವುದು ಅಪರೂಪ.

ಕವರ್ ತೆರೆಯುವುದೇ ಮೊದಲ ಅಪಾಯ. ಎಸ್ಸೆಸ್ಸೆಲ್ಸಿ ಪತ್ರಿಕೆಗಳಿಗೆ ಸಂಕೇತ ಸಂಖ್ಯೆಗಳಿವೆ: ಗಣಿತಕ್ಕೆ 81, ವಿಜ್ಞಾನಕ್ಕೆ 83, ಸಮಾಜ ವಿಜ್ಞಾನಕ್ಕೆ 85. ಅದರ ಮುಂದೆ ಮಾಧ್ಯಮ ಸೂಚಿಸುವ ಅಕ್ಷರ, ಕನ್ನಡಕ್ಕೆ ಕೆ, ಇಂಗ್ಲಿಷ್‌ಗೆ ಇ. ಆಮೇಲೆ ಅಭ್ಯರ್ಥಿಯ ಬಗೆ: ಶಾಲೆಯಿಂದ ಮೊದಲ ಸಲ ಬರೆಯುವವರಿಗೆ ಆರ್‌ಎಫ್, ಪುನರಾವರ್ತಿತರಿಗೆ ಆರ್‌ಆರ್, ಖಾಸಗಿಯವರಿಗೆ ಪಿಎಫ್, ಪಿಆರ್. 81ರ ಬದಲು 83 ತೆರೆದರೆ ಮುಂದೊಂದು ದಿನದ ಪತ್ರಿಕೆ ಬಯಲಾದಂತೆ, ರಾಜ್ಯಕ್ಕೆಲ್ಲ ತಲೆನೋವು. ಇದಕ್ಕೆ ಪರಿಹಾರ ಸುಲಭ. ಕತ್ತರಿ ಹಾಕುವ ಮೊದಲು ಒಬ್ಬರು ಕವರ್ ಮೇಲಿನ ದಿನಾಂಕ, ವಿಷಯ, ಸಂಕೇತ ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ವೇಳಾಪಟ್ಟಿ ಮತ್ತು ನಾಮಿನಲ್ ರೋಲ್ (ಅಭ್ಯರ್ಥಿಗಳ ಪಟ್ಟಿ) ಹಿಡಿದು ತಾಳೆ ನೋಡಬೇಕು. ಸೀಲು ಸರಿಯಿದೆಯೆಂದು ಇಬ್ಬರೂ ಸಹಿ ಹಾಕಿ ಸಮಯ ಬರೆಯಬೇಕು. ಅರ್ಧ ನಿಮಿಷದ ಕೆಲಸ. ಆದರೆ ಒಮ್ಮೆಯೂ ಮಾಡಿ ಅಭ್ಯಾಸವಿಲ್ಲದವರು ಗಂಟೆ ಹೊಡೆಯುವ ಆತುರದಲ್ಲಿ ಇದನ್ನೇ ಬಿಡುತ್ತಾರೆ.

ಎರಡನೆಯದು ಗೈರಾದವರ ಪತ್ರಿಕೆಗಳು. 24ರಲ್ಲಿ ಇಬ್ಬರು ಬಾರದಿದ್ದರೆ ಎರಡು ಪ್ರತಿ ಮೇಜಿನ ಮೇಲೆ ಉಳಿಯುತ್ತವೆ. ಪರೀಕ್ಷೆ ಶುರುವಾದ ಮೇಲೆ ಪತ್ರಿಕೆ ವಾಟ್ಸ್‌ಆ್ಯಪ್‌ಗೆ ಹೋಗಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ. ತಡವಾಗಿ ಬರುವವರ ಅವಧಿ ಮುಗಿದ ಕೂಡಲೇ ಇವನ್ನು ಎಣಿಸಿ, ಕವರಿಗೆ ಹಾಕಿ, ನೋಂದಣಿ ಸಂಖ್ಯೆ ಬರೆದು ಮುಖ್ಯ ಅಧೀಕ್ಷಕರಿಗೆ ಒಪ್ಪಿಸಬೇಕು. ಹಾಜರಾದವರು, ಗೈರಾದವರು, ವಾಪಸು ಕೊಟ್ಟ ಪ್ರತಿಗಳು, ಈ ಮೂರರ ಲೆಕ್ಕ ಕೊಠಡಿಯಲ್ಲೇ ಹೊಂದಬೇಕು. ಮೊಬೈಲ್ ಸ್ವಾಧೀನಾಧಿಕಾರಿಯ ಬಳಿ ಶಿಕ್ಷಕರ ಫೋನು ಇಡಿಸುವುದೂ ಇದಕ್ಕೇ. ಅದನ್ನು ಅವಮಾನವೆಂದು ತಿಳಿಯುವವರು ಒಂದು ವಿಷಯ ಗಮನಿಸಬೇಕು: ಸೋರಿಕೆಯಾದ ದಿನ ಅನುಮಾನದಿಂದ ಮೊದಲು ಹೊರಬರುವವರು ಫೋನು ಒಪ್ಪಿಸಿ ಚೀಟಿ ಪಡೆದವರೇ.

ಮೂರನೆಯದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ, ಏಕೆಂದರೆ ಅದು ಒಳ್ಳೆಯ ಮನಸ್ಸಿನಿಂದ ಆಗುವ ತಪ್ಪು. ಮೊದಲ 15 ನಿಮಿಷ ಪ್ರಶ್ನೆಪತ್ರಿಕೆ ಓದಲು ಮಾತ್ರ. ಒಂದು ಕೊಠಡಿಯಲ್ಲಿ "ಬರೀರಿ, ಪರವಾಗಿಲ್ಲ" ಎನ್ನುತ್ತಾರೆ, ಪಕ್ಕದಲ್ಲಿ ಪೆನ್ನು ಮುಟ್ಟಲು ಬಿಡುವುದಿಲ್ಲ. ಮಗು "ಮಿಸ್, ಈ ಪ್ರಶ್ನೆ ಅರ್ಥ ಆಗ್ಲಿಲ್ಲ" ಎಂದಾಗ ಮನಸ್ಸು ತಡೆಯದೆ ಬಿಡಿಸಿ ಹೇಳುವವರಿದ್ದಾರೆ. ಕೊನೆಯಲ್ಲಿ ಐದು ನಿಮಿಷ ಹೆಚ್ಚು ಕೊಡುವವರಿದ್ದಾರೆ. ಬೀದರಿನ ಮಗುವಿನ ಅಂಕವನ್ನೂ ಉಡುಪಿಯ ಮಗುವಿನ ಅಂಕವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಾದರೆ ಇಬ್ಬರಿಗೂ ಸಿಗುವ ಸಮಯ, ಸೂಚನೆ ಒಂದೇ ಇರಬೇಕು. ಮುದ್ರಣದೋಷ ಕಂಡರೂ ತಾವೇ ತಿದ್ದಿ ಹೇಳಬಾರದು, ಮುಖ್ಯ ಅಧೀಕ್ಷಕರಿಗೆ ತಿಳಿಸಬೇಕು. ಮೇಲ್ವಿಚಾರಕರು ಮಕ್ಕಳಿಗೆ ಹೇಳಬೇಕಾದ ಮಾತುಗಳನ್ನು ಪದಶಃ ಬರೆದುಕೊಟ್ಟು, ಅಷ್ಟನ್ನೇ ಓದುವಂತೆ ಮಾಡಿದರೆ ಈ ಏರುಪೇರು ಬಹುಪಾಲು ತಗ್ಗುತ್ತದೆ.

ಚೀಟಿ ಸಿಕ್ಕಿದಾಗ ಏನು ಮಾಡಬೇಕೆಂಬುದು ನಾಲ್ಕನೆಯದು. ಹೊಸಬರು ಚೀಟಿ ಹರಿದು ಕಿಟಕಿಯಿಂದ ಎಸೆಯುತ್ತಾರೆ, ಇಲ್ಲವೇ ಕೂಗಾಡಿ ಉತ್ತರ ಪತ್ರಿಕೆ ಕಿತ್ತುಕೊಳ್ಳುತ್ತಾರೆ. ಮೊದಲನೆಯದು ಸಾಕ್ಷ್ಯ ಕಳೆಯುತ್ತದೆ, ಎರಡನೆಯದು ಇನ್ನುಳಿದ 23 ಮಕ್ಕಳ ಗಮನ ಕೆಡಿಸುತ್ತದೆ. ಸದ್ದಿಲ್ಲದೆ ಚೀಟಿ ಮತ್ತು ಉತ್ತರ ಪತ್ರಿಕೆ ವಶಕ್ಕೆ ಪಡೆದು, ಸಮಯ ಗುರುತು ಹಾಕಿ, ಹೊರಗಿರುವ ಸ್ಥಾನಿಕ ಜಾಗೃತ ದಳದವರನ್ನು (ನಕಲು ತಡೆಯಲು ಕೇಂದ್ರದಲ್ಲೇ ಇರುವ ತಂಡ) ಕರೆಯಬೇಕು. ವಿಚಾರಣೆ, ಹೇಳಿಕೆ ಎಲ್ಲ ಕೊಠಡಿಯ ಹೊರಗೆ. ಹೆಣ್ಣುಮಕ್ಕಳ ತಪಾಸಣೆ ಮಹಿಳಾ ಸಿಬ್ಬಂದಿಯಿಂದಲೇ ಆಗಬೇಕು. ಹದಿನೈದು, ಹದಿನಾರರ ಮಗುವಿನೊಂದಿಗೆ ವ್ಯವಹರಿಸುತ್ತಿದ್ದೇವೆ ಎಂಬ ಅರಿವು ಇಲ್ಲಿ ಬಹಳ ಮುಖ್ಯ. ಬೈಗುಳ ತಿಂದು ಮನೆಗೆ ಹೋದ ಮಗು ಏನು ಮಾಡಿಕೊಂಡೀತು ಎಂಬುದು ಯಾವ ಸುತ್ತೋಲೆಯಲ್ಲೂ ಬರೆದಿರುವುದಿಲ್ಲ.

ಅಂಗವಿಕಲ ಮಕ್ಕಳಿಗೆ ಹೆಚ್ಚುವರಿ ಸಮಯ, ಅವರು ಹೇಳಿದ್ದನ್ನು ಬರೆದುಕೊಡುವ ಲಿಪಿಕಾರರ ಸೌಲಭ್ಯ ಹಕ್ಕಿನಂತೆ ಇವೆ. ಗಂಟೆಗೆ ಕನಿಷ್ಠ 20 ನಿಮಿಷ ಎಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಆದರೆ ಅಂತಿಮ ಗಂಟೆ ಹೊಡೆದ ಕೂಡಲೇ ಆ ಕೊಠಡಿಗೂ ಬಂಡಲ್ ಕಟ್ಟುವ ಅವಸರ ಬರುತ್ತದೆ. ಲಿಪಿಕಾರರು ಹೇಳಿದ್ದನ್ನಷ್ಟೇ ಬರೆಯುತ್ತಿದ್ದಾರೆಯೇ ಎಂದು ನೋಡಬೇಕಾದವರಿಗೆ ಆ ಕೆಲಸ ಹೇಗೆಂದು ತೋರಿಸಿರುವುದಿಲ್ಲ.

ಕೊನೆಯ ಹತ್ತು ನಿಮಿಷದಲ್ಲೇ ಹೆಚ್ಚು ಉತ್ತರ ಪತ್ರಿಕೆಗಳು ಅದಲುಬದಲಾಗುವುದು. ಮಕ್ಕಳನ್ನು ಎದ್ದೇಳಿಸಿ ಒಬ್ಬೊಬ್ಬರಾಗಿ ತಂದುಕೊಡಿ ಎಂದರೆ ಲೆಕ್ಕ ತಪ್ಪಿತೆಂದೇ ಅರ್ಥ. ಎಲ್ಲರನ್ನೂ ಕೂರಿಸಿ, ನೋಂದಣಿ ಸಂಖ್ಯೆಯ ಕ್ರಮದಲ್ಲಿ ತಾವೇ ಹೋಗಿ ಪಡೆದು, ಎಣಿಸಿ, ಸಂಖ್ಯೆ ಹೊಂದಿದ ಮೇಲೆಯೇ ಬಾಗಿಲು ತೆರೆಯಬೇಕು.

ಇನ್ನು ಕ್ಯಾಮೆರಾ. ಅದು ಬಾಗಿಲು ಮತ್ತು ಕೊನೆಯ ಬೆಂಚು ಎರಡನ್ನೂ ಹಿಡಿಯುವ ಮೂಲೆಯಲ್ಲಿರಬೇಕು, ಪತ್ರಿಕೆಯ ಅಕ್ಷರ ಓದುವಷ್ಟು ಹತ್ತಿರ ಇರಬಾರದು. ಕರೆಂಟು ಹೋದರೆ, ನೆಟ್‌ವರ್ಕ್ ಕಡಿದರೆ ಯಾರಿಗೆ ತಿಳಿಸಬೇಕು, ಆ ಅವಧಿಯನ್ನು ಎಲ್ಲಿ ದಾಖಲಿಸಬೇಕು ಎಂದು ಕೇಂದ್ರದವರಿಗೆ ಗೊತ್ತಿರಬೇಕು. ಹತ್ತಾರು ಚೌಕಗಳನ್ನು ಒಂದೇ ಪರದೆಯಲ್ಲಿ ನೋಡುವವರಿಗೆ ತಲೆ ತಿರುಗಿಸಿದ ಮಗು ಕಾಣಬಹುದು. ತಪ್ಪು ಕವರ್, ತಪ್ಪು ನೋಂದಣಿ ಸಂಖ್ಯೆ, ಬಿಡಿಸಿ ಹೇಳಿದ ಉತ್ತರ ಕಾಣುವುದಿಲ್ಲ.

ಕಾನೂನಿನ ದಾರಿಯಲ್ಲೂ ಇದೇ ಕೊರತೆ. 2024ರ ಜೂನ್‌ನಲ್ಲಿ ಜಾರಿಗೆ ಬಂದ ಕೇಂದ್ರದ ಸಾರ್ವಜನಿಕ ಪರೀಕ್ಷಾ ಅಕ್ರಮ ತಡೆ ಕಾಯ್ದೆ ಯುಪಿಎಸ್‌ಸಿ, ರೈಲ್ವೆ, ಎನ್‌ಟಿಎ (ರಾಷ್ಟ್ರೀಯ ಪರೀಕ್ಷಾ ಸಂಸ್ಥೆ) ನಡೆಸುವಂಥ ಪರೀಕ್ಷೆಗಳಿಗೆ ಸಂಬಂಧಿಸಿದ್ದು. ರಾಜ್ಯದ ಶಾಲಾ ಪರೀಕ್ಷೆ ಅದರ ವ್ಯಾಪ್ತಿಯಲ್ಲಿಲ್ಲ. 2023ರ ರಾಜ್ಯದ ಕಾಯ್ದೆ ನೇಮಕಾತಿ ಪರೀಕ್ಷೆಗಳಿಗೆ ಸೀಮಿತ. ಶಾಲಾ ಪರೀಕ್ಷೆಗೆ ಶಿಕ್ಷಣ ಕಾಯ್ದೆ, ಅದರ ಜೊತೆ ಇಲಾಖೆಯ ಶಿಸ್ತುಕ್ರಮ. ಎಲ್ಲವೂ ತಪ್ಪಾದ ಮೇಲಿನ ಮಾತು.

ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಆದ ಮೇಲೆ ತರಬೇತಿಯ ಪ್ರಶ್ನೆ ಇನ್ನೂ ಜಟಿಲವಾಗಿದೆ. ಪರೀಕ್ಷೆ-1ರ ನಂತರದ ಪರೀಕ್ಷೆಗಳಿಗೆ ಮಕ್ಕಳು ಕಡಿಮೆ, ಕೇಂದ್ರಗಳೂ ಕಡಿಮೆ, ಆದರೆ ಒಂದೇ ಕೊಠಡಿಯಲ್ಲಿ ಬೇರೆ ಬೇರೆ ಬಗೆಯ ಅಭ್ಯರ್ಥಿಗಳು ಹೆಚ್ಚು. ಸಂಕೇತ ತಪ್ಪುವ ಸಂಭವ ಅಲ್ಲೇ ಜಾಸ್ತಿ. ಬೇಕಿರುವುದು ಅರ್ಧ ದಿನದ ಕೈಕೆಲಸದ ತಾಲೀಮು. ಹಳೆಯ ವರ್ಷದ ಪತ್ರಿಕೆ ತುಂಬಿದ ನಕಲಿ ಕವರುಗಳು, ಬೇಕೆಂದೇ ತಪ್ಪು ಸಂಕೇತ ಹಾಕಿದ ಒಂದು ಕವರ್, ಇಬ್ಬರು ಗೈರಾದ ಹಾಜರಿ ಪಟ್ಟಿ, ಚೀಟಿ ಇಟ್ಟುಕೊಂಡವನ ಪಾತ್ರಕ್ಕೆ ಒಬ್ಬ ಶಿಕ್ಷಕ, ಕೊನೆಗೆ ಬಂಡಲ್ ಕಟ್ಟಿ ಲೆಕ್ಕ ಒಪ್ಪಿಸುವುದು. ಡಯಟ್‌ಗಳಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ತಾಲ್ಲೂಕಿಗೆ ನಾಲ್ಕೈದು ಮಂದಿಯನ್ನು ತಯಾರು ಮಾಡಿದರೆ ಅವರು ಕೇಂದ್ರಗಳಿಗೆ ಹೋಗಿ ಇದನ್ನು ಮಾಡಿಸಬಹುದು. ಪೂರ್ವಸಿದ್ಧತಾ ಪರೀಕ್ಷೆ ಹೇಗೂ ಪ್ರತಿ ಶಾಲೆಯಲ್ಲಿ ನಡೆಯುತ್ತದೆ. ಅದನ್ನು ಅಂತಿಮ ಪರೀಕ್ಷೆಯ ಕ್ರಮದಲ್ಲೇ ನಡೆಸಿ ಮೇಲ್ವಿಚಾರಕರನ್ನೂ ಪರೀಕ್ಷಿಸಿದರೆ ಬೇರೆ ಖರ್ಚೂ ಬೀಳುವುದಿಲ್ಲ. ತಾಲೀಮಿನಲ್ಲಿ ತಪ್ಪು ಕವರಿಗೆ ಕತ್ತರಿ ಹಾಕಿದವರನ್ನು ಕೆಲಸದಿಂದ ಕೈಬಿಡಬೇಕಿಲ್ಲ, ಮತ್ತೊಂದು ಕವರ್ ಕೊಟ್ಟು ಮತ್ತೆ ಓದಿಸಬೇಕು.