ದುಡ್ಡು ನಿಮ್ಮದು, ಹೆಸರು ಅಣ್ಣನದು

ಡಿಸೆಂಬರ್ ಬಂತೆಂದರೆ ದಾವಣಗೆರೆಯ ನನ್ನ ವಕೀಲಿ ಆಫೀಸಿಗೆ ಅಮೆರಿಕ, ದುಬೈಗಳಿಂದ ರಜೆಗೆ ಬಂದವರು ಫೈಲು ಹಿಡಿದು ಬರುತ್ತಾರೆ. ಬಹುತೇಕ ಇಲ್ಲೇ ಓದಿ ಹೋದ ಡಾಕ್ಟರು, ಎಂಜಿನಿಯರುಗಳು. ಬೆಂಗಳೂರಿನಲ್ಲಿ ಬುಕ್ ಮಾಡಿದ ಫ್ಲ್ಯಾಟು ಅರ್ಧಕ್ಕೆ ನಿಂತಿರುತ್ತದೆ, ಬಿಲ್ಡರ್ ಫೋನ್ ಎತ್ತುತ್ತಿರುವುದಿಲ್ಲ. ‘ಹೊರದೇಶದಾಗ ಇರೋರಿಗೆ ಇಲ್ಲಿ ಕಾನೂನು ಏನಾದ್ರೂ ಐತೇನ್ರಿ?’ ಎಂದು ಕೇಳುತ್ತಾರೆ.

ಇದೆ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಇಲ್ಲಿರುವವರು, ಅಲ್ಲಿರುವವರು ಎಂದು ಭೇದ ಮಾಡುವುದಿಲ್ಲ. ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ 18ನೇ ಸೆಕ್ಷನ್ ಪ್ರಕಾರ ಬಡ್ಡಿ ಸಮೇತ ಹಣ ವಾಪಸ್ ಕೇಳಬಹುದು. ಮನೆಯೇ ಬೇಕೆಂದರೆ ಅದು ಕೈಗೆ ಸಿಗುವವರೆಗೆ ಪ್ರತಿ ತಿಂಗಳ ಬಡ್ಡಿ. ದೂರನ್ನು ಆನ್‌ಲೈನಿನಲ್ಲೇ ಕೊಡಬಹುದು, ವಕೀಲರು ನಿಮ್ಮ ಪರ ಹಾಜರಾಗಬಹುದು. ಇದನ್ನೆಲ್ಲ ನೀವಾಗಲೇ ಓದಿಕೊಂಡು ಬಂದಿರುತ್ತೀರಿ. ನಾನು ಕೇಳುವುದು ಒಂದೇ: ‘ಅಗ್ರಿಮೆಂಟ್ ಯಾರ ಹೆಸರಲ್ಲಿದೆ?’

‘ನಮ್ಮಣ್ಣನ ಹೆಸರಲ್ಲಿ ಸಾರ್. ನಾನು ಊರಲ್ಲಿ ಇರಲ್ವಲ್ಲ.’

ಎಷ್ಟು ವರ್ಷದಿಂದ ಇದನ್ನು ಹೇಳುತ್ತಿದ್ದೇನೆ, ಇನ್ನೊಮ್ಮೆ ಹೇಳುತ್ತೇನೆ. ರೇರಾ ರಕ್ಷಣೆ ಇರುವುದು ಅಲಾಟಿಗೆ. ಅಲಾಟಿ ಎಂದರೆ ಯಾರ ಹೆಸರಿಗೆ ಮನೆ ಹಂಚಿಕೆಯಾಗಿದೆಯೋ ಅವರು. ಡಾಲರ್ ಕಳಿಸಿದ ನೀವು ಆ ಕಾಗದದಲ್ಲಿ ಎಲ್ಲೂ ಇಲ್ಲ. ನೀವು ಅಣ್ಣನ ಖಾತೆಗೆ ಹಾಕಿದಿರಿ, ಅಣ್ಣ ಬಿಲ್ಡರ್‌ಗೆ ಕಟ್ಟಿದರು. ಬಿಲ್ಡರ್ ಲೆಕ್ಕದಲ್ಲಿ ಕೊಂಡವರು ಅಣ್ಣ. ಸರಿ, ಅಣ್ಣನ ಮೇಲೆಯೇ ದಾವೆ ಹಾಕೋಣ ಎಂದರೆ, ಒಬ್ಬರ ದುಡ್ಡಿನಲ್ಲಿ ಇನ್ನೊಬ್ಬರ ಹೆಸರಿಗೆ ಆಸ್ತಿ ಕೊಳ್ಳುವುದನ್ನು ತಡೆಯುವ ಬೇನಾಮಿ ಕಾಯ್ದೆ ಅಡ್ಡ ಬರುತ್ತದೆ. ಹೆಂಡತಿ, ಮಕ್ಕಳ ಹೆಸರಲ್ಲಿ ಸ್ವಂತ ಸಂಪಾದನೆಯಿಂದ ಕೊಳ್ಳಲು ಅದರಲ್ಲಿ ವಿನಾಯಿತಿ ಇದೆ. ಅಣ್ಣ ತಮ್ಮ, ಅಕ್ಕ ತಂಗಿ, ಅಪ್ಪ ಅವ್ವನ ಹೆಸರಾದರೆ ಯಾವುದಾದರೂ ದಾಖಲೆಯಲ್ಲಿ ನಿಮ್ಮ ಹೆಸರೂ ಜಂಟಿ ಮಾಲೀಕರಾಗಿ ಇರಲೇಬೇಕು. ಇಲ್ಲದಿದ್ದರೆ ಆಸ್ತಿ ನನ್ನದು ಎಂದು ಕೋರ್ಟಿಗೆ ಹೋಗುವ ದಾರಿಯೇ ಮುಚ್ಚಿಹೋಗಬಹುದು. ಪ್ರತಿ ಪ್ರಕರಣದ ಕಾಗದ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ಅಪಾಯ ನಿಜ.

ಊರಲ್ಲಿ ಇರುವುದಿಲ್ಲ ಎನ್ನುವುದು ಕಾರಣವೇ ಅಲ್ಲ. ನಿಮ್ಮ ಹೆಸರಲ್ಲೇ ಕೊಂಡು, ಸಹಿ ಮಾಡಲು ಅಣ್ಣನಿಗೆ ಪವರ್ ಆಫ್ ಅಟಾರ್ನಿ ಕೊಡಿ. ಅದಕ್ಕೆ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಣ ಮಾಡಿಸಿ. ಪತ್ರ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿ. ಹಣ ನಿಮ್ಮದೇ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಯಿಂದ (ಅನಿವಾಸಿಗಳಿಗಾಗಿ ಇಲ್ಲಿನ ಬ್ಯಾಂಕುಗಳಲ್ಲಿರುವ ಖಾತೆ) ಹೋಗಲಿ. ಅಗ್ರಿಮೆಂಟ್ ನೋಂದಣಿಯಾಗುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಬಿಲ್ಡರ್ ಪಡೆಯುವಂತಿಲ್ಲ. ಅಮೆರಿಕದ ಪಾಸ್‌ಪೋರ್ಟ್ ಪಡೆದು ಅಲ್ಲೇ ನೆಲೆಸಿ, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಸರ್ಕಾರ ಕೊಡುವ ಕಾರ್ಡ್) ಮಾಡಿಸದವರು ಮೊದಲು ಆ ಕಾರ್ಡ್ ಮಾಡಿಸಿಕೊಳ್ಳಬೇಕು. ಕಾರ್ಡ್ ಇದ್ದವರಿಗೂ ಹೊಲ, ತೋಟ, ಫಾರ್ಮ್‌ಹೌಸ್ ಕೊಳ್ಳಲು ಅವಕಾಶವಿಲ್ಲ.

‘ನಮ್ಮಣ್ಣ ಅಂಥವನಲ್ಲ ಸಾರ್’ ಎನ್ನುತ್ತಾರೆ. ನನಗೂ ಅನುಮಾನವಿಲ್ಲ. ಚೌಕಿಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಒಬ್ಬ ಅಣ್ಣನನ್ನು ಬಲ್ಲೆ. ನ್ಯೂಜೆರ್ಸಿಯ ತಮ್ಮ ಕಳಿಸಿದ ಪ್ರತಿ ರೂಪಾಯಿಯನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಒಂದು ಬೆಳಗ್ಗೆ ಎದೆನೋವೆಂದು ಕೂತವರು ಏಳಲಿಲ್ಲ. ಫ್ಲ್ಯಾಟಿನ ಮೇಲಿನ ಅವರ ಹಕ್ಕು ಹೆಂಡತಿಗೆ, ಇಬ್ಬರು ಮಕ್ಕಳಿಗೆ, ಅವ್ವನಿಗೆ ಹೋಯಿತು. ತಮ್ಮನ ಪಾಲು ಸೊನ್ನೆ ಎಂದಾಗ ಆತ ಬ್ಯಾಂಕ್ ಸ್ಟೇಟ್‌ಮೆಂಟಿನ ಹಾಳೆಗಳನ್ನು ಮತ್ತೆ ಮತ್ತೆ ಜೋಡಿಸುತ್ತಾ ಕೂತರು.

ಮರುವಾರ ಅತ್ತಿಗೆ ತಾವೇ ಮರಣ ಪತ್ರ, ವಂಶವೃಕ್ಷ ಹಿಡಿದು ಬಂದರು. ‘ಅದು ಮೈದುನನ ದುಡ್ಡು. ಎಲ್ಲೆಲ್ಲಿ ಸಹಿ ಬೇಕು ಹೇಳ್ರಿ’ ಅಂದರು. ಬಿಲ್ಡರ್ ಮೇಲೆ ದೂರು ಹಾಕಿದೆವು. ಆಕೆ ತನ್ನ ಪಾಲು ಬಿಟ್ಟುಕೊಡಬಹುದು, ಅವ್ವನೂ ಕೊಡಬಹುದು. ಕಿರಿಯ ಮಗಳಿಗಿನ್ನೂ ಹದಿನಾಲ್ಕು ವರ್ಷ. ಆ ಹುಡುಗಿಯ ಪಾಲನ್ನು ತಾಯಿಯೂ ತನ್ನಿಷ್ಟದಂತೆ ಬಿಟ್ಟುಕೊಡುವ ಹಾಗಿಲ್ಲ ಎಂದು ನಾನು ಹೇಳಬೇಕಾಯಿತು.