ಮೊದಲು ಗಡುವು ಹೇಳಿ, ಹಕ್ಕು ಆಮೇಲೆ

ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಒಬ್ಬರು ಬೌನ್ಸ್ ಆದ ಚೆಕ್ ಹಿಡಿದುಕೊಂಡು ನನ್ನ ಕಚೇರಿಗೆ ಬಂದಿದ್ದರು. ನಾನು ವಕೀಲ, ಕಾನೂನಿನ ಬಗ್ಗೆ ಚಿಕ್ಕ ವಿಡಿಯೊಗಳನ್ನೂ ಮಾಡುತ್ತೇನೆ. ಜೊತೆಗೆ ಚೆಕ್ ವಾಪಸಾಗಿದೆ ಎಂದು ಬ್ಯಾಂಕ್ ಕೊಟ್ಟ ಮೆಮೊ ಇತ್ತು. "ಸರ್, ನಿಮ್ಮ ವಿಡಿಯೊ ನೋಡಿಯೇ ಬಂದೆ. ನೋಟಿಸ್ ಕಳಿಸಿ, 15 ದಿನ ಕಾದು ಕೇಸ್ ಹಾಕಿ ಅಂದಿದ್ರಲ್ಲ, ಹಾಗೇ ಮಾಡೋಣ" ಎಂದರು. ಮೆಮೊ ಮೇಲಿನ ತಾರೀಖು ನೋಡಿದೆ. 52 ದಿನ ಕಳೆದಿತ್ತು.

ಚೆಕ್ ವಾಪಸಾದ ವಿಷಯ ಬ್ಯಾಂಕಿನಿಂದ ತಿಳಿದ ಮೇಲೆ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ಅದು ಎದುರಿನವರ ಕೈ ಸೇರಿದ ಮೇಲೆ ಹಣ ಕೊಡಲು ಅವರಿಗೆ 15 ದಿನ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138 ಮತ್ತು 142ನೇ ಸೆಕ್ಷನ್‌ಗಳು ಹೇಳುವುದು ಇದನ್ನು. ದೂರು ಕೊಡುವುದು ತಡವಾದರೆ, ಸರಿಯಾದ ಕಾರಣವಿದ್ದರೆ, ಕೋರ್ಟ್ ಮನ್ನಿಸಬಹುದು. ನೋಟಿಸ್ ತಡವಾದರೆ ಮನ್ನಿಸುವುದಿಲ್ಲ. ಚೆಕ್ಕಿಗೆ ಇನ್ನೂ ಅವಧಿ ಇದ್ದಿದ್ದರೆ ಮತ್ತೊಮ್ಮೆ ಬ್ಯಾಂಕಿಗೆ ಹಾಕಿ ಹೊಸ ಮೆಮೊ ಪಡೆಯಬಹುದಿತ್ತು. ಇವರ ಚೆಕ್ಕಿನ ಮೂರು ತಿಂಗಳೂ ಮುಗಿದಿತ್ತು. ಉಳಿದದ್ದು ಹಣ ವಸೂಲಿಗೆ ಸಿವಿಲ್ ದಾವೆ. ಅದಕ್ಕೆ ಮೂರು ವರ್ಷ ಕಾಲಾವಕಾಶ ಇದೆ ನಿಜ. ಆದರೆ ಕೋರ್ಟ್ ಫೀ ಕಟ್ಟಬೇಕು, ಓಡಾಟವೂ ಜಾಸ್ತಿ.

ನನ್ನ ವಿಡಿಯೊದಲ್ಲಿ ಸುಳ್ಳಿರಲಿಲ್ಲ. 15 ದಿನ ಸರಿ, ಕೇಸ್ ಹಾಕಬಹುದು ಎಂಬುದೂ ಸರಿ. ಐವತ್ತು ಸೆಕೆಂಡಿನಲ್ಲಿ ಮುಗಿಸಬೇಕೆಂದು ಆ 30 ದಿನದ ಮಾತನ್ನು ಬಿಟ್ಟಿದ್ದೆ. ಕೇಸ್ ಹೇಗೂ ಹಾಕಬಹುದಲ್ಲ ಎಂದು ಅವರು ನೆಮ್ಮದಿಯಿಂದ ಕಾದಿದ್ದರು. ದಿನಾ ಫೋನ್ ಮಾಡಿ ಹಣ ಕೇಳಿದ್ದರು, ಮುಂದಿನ ವಾರ ಎಂಬ ಮಾತನ್ನು ನಂಬಿದ್ದರು. ಅವರು ಕಳೆದುಕೊಂಡ ದಿನಗಳಲ್ಲಿ ನನ್ನ ಪಾಲೂ ಇತ್ತು.

ಅಂದಿನಿಂದ ಕ್ಯಾಮೆರಾ ಮುಂದೆ ಕೂರುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದನ್ನು ನೋಡುವವರು ಇವತ್ತು ಸುಮ್ನೆ ಕೂತರೆ ಏನು ಕೈ ತಪ್ಪುತ್ತದೆ? ಆ ಉತ್ತರವೇ ವಿಡಿಯೊದ ಮೊದಲ ವಾಕ್ಯ. ಸಿವಿಲ್ ಕೇಸಿನಲ್ಲಿ ಸಮನ್ಸ್ ಬಂದರೆ 30 ದಿನದೊಳಗೆ ಲಿಖಿತ ಹೇಳಿಕೆ, ಅಂದರೆ ದಾವೆಗೆ ನಿಮ್ಮ ಉತ್ತರ, ಸಲ್ಲಿಸಬೇಕು, ಕಾರಣ ನೋಡಿ ಕೋರ್ಟ್ 90 ದಿನದವರೆಗೆ ಬಿಡಬಹುದು. ಗ್ರಾಹಕರ ದೂರಿಗೆ ಎರಡು ವರ್ಷ. ಮಾಹಿತಿ ಹಕ್ಕಿನ ಅರ್ಜಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ, ಮೊದಲ ಮೇಲ್ಮನವಿಗೆ ಮುಂದಿನ 30 ದಿನ. ಹಕ್ಕಿನ ಬಗ್ಗೆ ವಕೀಲರು ನಿಧಾನವಾಗಿ ಕೂತು ವಿವರಿಸಬಹುದು. ಕಳೆದುಹೋದ ದಿನವನ್ನು ಯಾವ ವಕೀಲರೂ ವಾಪಸ್ ತರಲಾರರು.

ಗಡುವಿನ ನಂತರ ನಾನು ಜಾಗ ಇಡುವುದು 'ಆದರೆ' ಎಂಬ ಮಾತಿಗೆ. ಹೆಣ್ಣುಮಕ್ಕಳ ಆಸ್ತಿ ಹಕ್ಕನ್ನೇ ನೋಡಿ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು. ಅದು ಜಾರಿಗೆ ಬಂದ ಆ ವರ್ಷದ ಸೆಪ್ಟೆಂಬರ್ 9ಕ್ಕೆ ತಂದೆ ಬದುಕಿರಬೇಕಾಗಿಲ್ಲ, ಇದು ಹುಟ್ಟಿನಿಂದ ಬಂದ ಹಕ್ಕು ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ದೊಡ್ಡ ತೀರ್ಪು, ಎಲ್ಲರಿಗೂ ಗೊತ್ತಾಗಲೇಬೇಕು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ವಿಭಾಗ ಪತ್ರವೋ ಕೋರ್ಟ್ ಡಿಕ್ರಿಯೋ ಆಗಿದ್ದರೆ ಅದು ಹಾಗೇ ನಿಲ್ಲುತ್ತದೆ. ತಂದೆ ಸ್ವಂತ ದುಡಿಮೆಯಿಂದ ಕೊಂಡ ಆಸ್ತಿಯನ್ನು ವಿಲ್ ಮಾಡಿ ಬೇರೆಯವರಿಗೆ ಕೊಡಬಹುದು. ಇಷ್ಟನ್ನು ಬಿಟ್ಟು 'ನಿಮಗೂ ಸಮಪಾಲು' ಎಂದಷ್ಟೇ ಹೇಳುವ ವಿಡಿಯೊ ನೋಡಿ ಅಣ್ಣನ ಜೊತೆ ಮಾತು ಬಿಟ್ಟ ತಂಗಿಯರನ್ನು ಕಂಡಿದ್ದೇನೆ. ಕಾಗದ ತೆಗೆಸಿ ನೋಡಿದರೆ ಹಳೇ ನೋಂದಾಯಿತ ವಿಭಾಗ ಇರುತ್ತದೆ. ಅದಕ್ಕೇ ಆ ವಿಡಿಯೊದಲ್ಲಿ ಮೊದಲು ಇ.ಸಿ. (ಆಸ್ತಿಯ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ) ತೆಗೆಸಿ, ವಿಭಾಗ ಆಗಿದೆಯಾ ನೋಡಿ, ವಿಲ್ ಇದೆಯಾ ಕೇಳಿ ಎನ್ನುತ್ತೇನೆ. ಜಗಳ ಆಮೇಲೂ ಆಡಬಹುದು.

ಹಳೇ ವಿಡಿಯೊಗಳ ತೊಂದರೆ ಇನ್ನೊಂದು. 2024ರ ಜುಲೈ 1ರಿಂದ ಐಪಿಸಿ (ಭಾರತೀಯ ದಂಡ ಸಂಹಿತೆ) ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ವಂಚನೆಯ 420 ಈಗ 318(4). ಆ ತಾರೀಖಿಗೆ ಮೊದಲು ನಡೆದ ಅಪರಾಧಕ್ಕೆ ಮಾತ್ರ ಹಳೇ ಸೆಕ್ಷನ್. ವಿಡಿಯೊ ಮಾಡುವವರು ಮಾತಿನಲ್ಲೇ ತಿಂಗಳು, ವರ್ಷ ಹೇಳಿಬಿಡಬೇಕು. ಕೆಳಗೆ ಬರೆದ ದಿನಾಂಕ ಫಾರ್ವರ್ಡ್ ಆಗುವಾಗ ಉದುರಿಹೋಗುತ್ತದೆ.

ಭಾಷೆಯ ಬಗ್ಗೆಯೂ ಒಂದು ಮಾತು. ಜನ 'ಸ್ಟೇ ತಂದಿದ್ದಾರೆ', 'ಡೇಟ್ ಬಿದ್ದಿದೆ', 'ಬೇಲ್ ಆಯ್ತು' ಎನ್ನುತ್ತಾರೆ. ನಾನೂ ಹಾಗೇ ಮಾತಾಡುತ್ತೇನೆ. ಆದರೆ ಕೈಗೆ ಬರುವ ಕಾಗದದಲ್ಲಿ 'ತಡೆಯಾಜ್ಞೆ', 'ಪ್ರತಿವಾದಿ' ಎಂದಿರುತ್ತದೆ. ಅದನ್ನು ಕಂಡು ಗಾಬರಿಯಾಗಬಾರದು ಅಲ್ವಾ? ಹಾಗಾಗಿ ಎರಡೂ ಪದ ಹೇಳುತ್ತೇನೆ. ಸಾಧ್ಯವಾದರೆ ಹೆಸರು, ವಿಳಾಸ ಮುಚ್ಚಿ ಅಂಥ ಕಾಗದವನ್ನೇ ತೋರಿಸುತ್ತೇನೆ. ಸಮನ್ಸ್ ಹೇಗಿರುತ್ತದೆ ಎಂದು ಒಮ್ಮೆ ಕಂಡವರು ಅದನ್ನು ಡ್ರಾಯರಿಗೆ ಹಾಕಿ ಮರೆಯುವುದಿಲ್ಲ.

'ನನಗೆ ಕರೆ ಮಾಡಿ, ಕೇಸ್ ಗೆಲ್ಲಿಸಿಕೊಡುತ್ತೇನೆ' ಎನ್ನುವ ವಕೀಲರ ವಿಡಿಯೊ ಕಂಡರೆ ಎಚ್ಚರ. ಜಾಹೀರಾತು ಮಾಡಿ ಕೇಸ್ ಹಿಡಿಯುವುದನ್ನು ಬಾರ್ ಕೌನ್ಸಿಲ್ ಆಫ್ ಇಂಡಿಯಾದ 36ನೇ ನಿಯಮ ತಡೆಯುತ್ತದೆ. ಹಾಗಾದರೆ ನೋಡಿದವರು ಎಲ್ಲಿಗೆ ಹೋಗಬೇಕು? ನಾನು ಕೊಡುವ ಸಂಖ್ಯೆ ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ 15100. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಜೈಲಿನಲ್ಲಿರುವವರು ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಕೇಳಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲೇ ಇದೆ. ಮತ್ತೆ, ನಿಮ್ಮ ಕೇಸಿನ ವಿವರವನ್ನು ವಿಡಿಯೊ ಕೆಳಗೆ ಬರೆಯಬೇಡಿ. ಎದುರು ಪಾರ್ಟಿಯೂ ಅದನ್ನು ಓದಬಹುದು.

ಅಂಗಡಿಯವರ ದಾವೆ ಹಾಕಿದೆವು. ಹಳೇ ಚೆಕ್ ವಿಡಿಯೊ ತೆಗೆದು ಹೊಸದು ಮಾಡಿದೆ. ಅದು ಹೀಗೆ ಶುರುವಾಗುತ್ತದೆ: "ಬ್ಯಾಂಕಿನಿಂದ ಮೆಮೊ ಬಂತಾ? ಕೈಗೆ ಬಂದ ತಾರೀಖನ್ನು ಈಗಲೇ ಅದರ ಹಿಂದೆ ಬರೆದಿಡಿ. ನೋಟಿಸ್ ಕೊಡಲು ನಿಮಗಿರುವುದು 30 ದಿನ."