ಸ್ಕ್ರೀನ್ ನುಂಗಿದ ಬಟನ್‌ಗಳು: ಹೊಸ ಕಾರುಗಳ ಡ್ಯಾಶ್‌ಬೋರ್ಡ್ ಹೀಗಾದ ಕಥೆ

ಹೊಸ ಕಾರಿನ ಫೋಟೊಗಳು ಹೊರಬಿದ್ದಾಗ ಜನ ಗ್ರಿಲ್ ನೋಡುತ್ತಾರೆ, ಹೆಡ್‌ಲೈಟ್ ನೋಡುತ್ತಾರೆ. ನಾನು ಮೊದಲು ಹುಡುಕುವುದು ಒಳಗಿನ ಫೋಟೊ. ಎಸಿ ಫ್ಯಾನ್ ಕಡಿಮೆ ಮಾಡಲು ಏನನ್ನು ಮುಟ್ಟಬೇಕು? ವೈಪರ್ ವೇಗ ಎಲ್ಲಿದೆ? ಗಾಜಿನ ಮೇಲಿನ ಮಂಜು ಬಿಡಿಸುವ ಬಟನ್ ಇದೆಯಾ? ಸುಮಾರು ಹತ್ತು ವರ್ಷ ಈ ಪ್ರಶ್ನೆಗಳಿಗೆಲ್ಲ ಒಂದೇ ಉತ್ತರ ಸಿಗುತ್ತಿತ್ತು: ಎಲ್ಲ ಸ್ಕ್ರೀನ್‌ನಲ್ಲಿದೆ. ಈಗ ಒಂದೊಂದೇ ಕಂಪನಿ ಆ ಮಾತಿನಿಂದ ಹಿಂದೆ ಸರಿಯುತ್ತಿದೆ. ಆದರೆ ಎಲ್ಲರೂ ಅಲ್ಲ. ಮುಂದೆ ಬರುವ ಕಾರುಗಳಲ್ಲಿ ಕೆಲವು ಬಟನ್ ವಾಪಸ್ ತರುತ್ತಿವೆ, ಕೆಲವು ಇದ್ದ ಬಟನ್‌ಗಳನ್ನೂ ತೆಗೆಯುತ್ತಿವೆ. ಈ ಗೊಂದಲ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಾರಿಗೆ ಟಚ್‌ಸ್ಕ್ರೀನ್ ತಂದದ್ದು ಟೆಸ್ಲಾ ಅಂತ ತುಂಬಾ ಜನ ನಂಬಿದ್ದಾರೆ. ಅಲ್ಲ. 1986ರ ಬ್ಯೂಯಿಕ್ ರಿವಿಯೆರಾ ಕಾರಿನಲ್ಲೇ 9 ಇಂಚಿನ ಟಚ್‌ಸ್ಕ್ರೀನ್ ಇತ್ತು. ಹಳೆ ಟಿವಿಯಂಥ ಪಿಕ್ಚರ್ ಟ್ಯೂಬ್, ಹಸಿರು ಅಕ್ಷರ. ಎಸಿ, ರೇಡಿಯೊ, ಟ್ರಿಪ್ ಕಂಪ್ಯೂಟರ್ ಎಲ್ಲ ಅದರೊಳಗೆ. ಆಗಿನ ಕಾಲಕ್ಕೆ ಅದೊಂದು ಅದ್ಭುತವೇ. ಆದರೆ ಓಡಿಸುವವರಿಗೆ ಹಿಡಿಸಲಿಲ್ಲ. ರೇಡಿಯೊ ಬದಲಿಸಲು ರಸ್ತೆಯಿಂದ ಕಣ್ಣು ತೆಗೆಯಬೇಕು ಅಂತ ದೂರು ಬಂತು. 1990ರ ಮಾದರಿಯಲ್ಲಿ ಬ್ಯೂಯಿಕ್ ಸುಮ್ನೆ ಮಾಮೂಲಿ ಬಟನ್‌ಗಳಿಗೆ ವಾಪಸ್ ಹೋಯಿತು. ಇವತ್ತು ನಡೆಯುತ್ತಿರುವ ಜಗಳ ಪೂರ್ತಿಯಾಗಿ ಆ ನಾಲ್ಕು ವರ್ಷಗಳಲ್ಲೇ ಒಮ್ಮೆ ನಡೆದು ಮುಗಿದಿತ್ತು.

ಮುಂದಿನ ದೊಡ್ಡ ಪ್ರಯತ್ನ 2001ರದ್ದು. ಬಿಎಂಡಬ್ಲ್ಯು ತನ್ನ 7 ಸೀರೀಸ್ ಕಾರಿಗೆ ಐಡ್ರೈವ್ ಹಾಕಿತು. ಸ್ಕ್ರೀನ್ ಮೇಲೆ, ದೂರದಲ್ಲಿ. ಕೈಗೆ ಸಿಗುವ ಹಾಗೆ ಕೆಳಗೊಂದು ದುಂಡನೆಯ ನಾಬ್. ತಿರುಗಿಸು, ಒತ್ತು, ಅಷ್ಟೇ. ಆದರೆ ಮೆನುಗಳು ಎಷ್ಟು ಜಟಿಲವಾಗಿದ್ದವು ಅಂದರೆ ಪತ್ರಕರ್ತರು ಅದನ್ನು ಹಿಗ್ಗಾಮುಗ್ಗಾ ಬೈದರು. ಬಿಎಂಡಬ್ಲ್ಯು ಬಿಡಲಿಲ್ಲ. 2008ರ ಹೊತ್ತಿಗೆ ನಾಬ್ ಸುತ್ತ ನೇರ ಬಟನ್‌ಗಳನ್ನು ಸೇರಿಸಿ, ಮೆನು ಸರಳ ಮಾಡಿತು. ಆಮೇಲೆ ಅದು ನಿಜಕ್ಕೂ ಚೆನ್ನಾಗಿ ಕೆಲಸ ಮಾಡಿತು. ಕೈ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಎಷ್ಟು ಸಲ ತಿರುಗಿಸಿದೆ ಅನ್ನುವುದು ಬೆರಳಿಗೇ ಗೊತ್ತಾಗುತ್ತದೆ. ಕಣ್ಣು ಒಂದು ಕ್ಷಣ ಹೋದರೂ ರಸ್ತೆಯ ಹತ್ತಿರವೇ ಇರುತ್ತದೆ. ನನ್ನ ಮಟ್ಟಿಗೆ ಕಾರಿನಲ್ಲಿ ಸ್ಕ್ರೀನ್ ಬಳಸುವ ಅತ್ಯುತ್ತಮ ದಾರಿ ಅದೇ. ಅದಕ್ಕೆ ಏನಾಯಿತು ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

2007ರಲ್ಲಿ ಐಫೋನ್ ಬಂತು. ಜನರ ಕೈಗೆ ಟಚ್ ಅಭ್ಯಾಸವಾಯಿತು. ನಾಬ್ ತಿರುಗಿಸುವುದು ಹಳೆಯ ಕಾಲದ್ದು ಅನಿಸತೊಡಗಿತು. 2010ರಲ್ಲಿ ಫೋರ್ಡ್ 'ಮೈಫೋರ್ಡ್ ಟಚ್' ತಂದು ಪೆಟ್ಟು ತಿಂದಿತು. ನಿಧಾನ, ಆಗಾಗ ಹ್ಯಾಂಗ್. ಗುಣಮಟ್ಟದ ಸಮೀಕ್ಷೆಗಳಲ್ಲಿ ಫೋರ್ಡ್ ರ‍್ಯಾಂಕ್ ಬಿದ್ದುಹೋಯಿತು. ಅಷ್ಟಾದರೂ ಬೇರೆ ಕಂಪನಿಗಳು ಪಾಠ ಕಲಿಯಲಿಲ್ಲ. ಯಾಕೆಂದರೆ 2012ರಲ್ಲಿ ಟೆಸ್ಲಾ ಮಾಡೆಲ್ ಎಸ್ ಬಂತು. ಮಧ್ಯದಲ್ಲಿ 17 ಇಂಚಿನ ಸ್ಕ್ರೀನ್, ಸುತ್ತ ಬಟನ್‌ಗಳೇ ಇಲ್ಲ ಅನ್ನುವಷ್ಟು ಕಡಿಮೆ. ಫೋರ್ಡ್‌ನ ಸ್ಕ್ರೀನ್ ತೊಂದರೆ ಅನಿಸಿತ್ತು. ಟೆಸ್ಲಾದ ಸ್ಕ್ರೀನ್ ಭವಿಷ್ಯದ ಹಾಗೆ ಕಂಡಿತು. ದೊಡ್ಡದು, ಚುರುಕು, ಮನೆಯಲ್ಲಿ ನಿಂತಿರುವಾಗಲೇ ಹೊಸ ಸಾಫ್ಟ್‌ವೇರ್ ಪಡೆಯುತ್ತದೆ. 2017ರ ಮಾಡೆಲ್ 3ರಲ್ಲಿ ಸ್ಪೀಡೋಮೀಟರ್ ಕೂಡ ಮಧ್ಯದ ಸ್ಕ್ರೀನ್‌ಗೆ ಹೋಯಿತು.

ಇನ್ನೊಂದು ಕಾರಣವನ್ನು ಜನ ಮರೆಯುತ್ತಾರೆ. ಅದು ಸುರಕ್ಷತೆಯ ಕಾನೂನೇ. ರಿವರ್ಸ್ ತೆಗೆಯುವಾಗ ಹಿಂದೆ ನಿಂತ ಚಿಕ್ಕ ಮಕ್ಕಳು ಕಾಣದೆ ಸಾಯುತ್ತಿದ್ದ ಕಾರಣ, ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಎಲ್ಲ ಹೊಸ ಕಾರುಗಳಿಗೂ ಹಿಂಬದಿ ಕ್ಯಾಮೆರಾ ಕಡ್ಡಾಯವಾಯಿತು. ಒಳ್ಳೆಯ ನಿಯಮ, ಎರಡು ಮಾತಿಲ್ಲ. ಆದರೆ ಕ್ಯಾಮೆರಾ ಇದ್ದ ಮೇಲೆ ಸ್ಕ್ರೀನ್ ಬೇಕೇ ಬೇಕು. ಅತಿ ಕಡಿಮೆ ಬೆಲೆಯ ಕಾರಿಗೂ ಸ್ಕ್ರೀನ್ ಬಂದ ಮೇಲೆ ಲೆಕ್ಕದ ಪುಸ್ತಕ ಹಿಡಿದವರು ಕೇಳಿದರು: ಸ್ಕ್ರೀನ್‌ಗೆ ಹೇಗೂ ದುಡ್ಡು ಕೊಟ್ಟಾಗಿದೆ, ಇನ್ನು ಈ ಬಟನ್‌ಗಳೆಲ್ಲ ಯಾಕೆ?

ನಿಜವಾದ ಕಥೆ ಇಲ್ಲಿದೆ ಅನ್ನುವುದು ನನ್ನ ಅಭಿಪ್ರಾಯ. ಟಚ್‌ಸ್ಕ್ರೀನ್ ಓಡಿಸುವವರ ಸಮಸ್ಯೆ ಬಗೆಹರಿಸಲು ಬಂದದ್ದಲ್ಲ, ತಯಾರಿಸುವವರ ಸಮಸ್ಯೆ ಬಗೆಹರಿಸಲು ಬಂದದ್ದು. ಒಂದು ಬಟನ್ ಅಂದರೆ ಬರೀ ಪ್ಲಾಸ್ಟಿಕ್ ತುಂಡಲ್ಲ. ಅದಕ್ಕೊಂದು ಅಚ್ಚು ಬೇಕು, ವೈರ್ ಬೇಕು, ಹಿಂದೆ ಬೆಳಕು ಬೇಕು, ಸಾವಿರಾರು ಸಲ ಒತ್ತಿ ಪರೀಕ್ಷೆ ಮಾಡಬೇಕು. ಮಾದರಿಗೊಂದು, ವೇರಿಯಂಟ್‌ಗೊಂದು ಪ್ಯಾನಲ್ ಮಾಡಬೇಕು. ಕಾರು ರಸ್ತೆಗೆ ಬರುವ ವರ್ಷಗಳ ಮೊದಲೇ ಯಾವ ಬಟನ್ ಎಲ್ಲಿ ಅಂತ ತೀರ್ಮಾನವಾಗಿರಬೇಕು. ಸ್ಕ್ರೀನ್ ಆದರೆ ಈ ತಲೆನೋವೆಲ್ಲ ಸಾಫ್ಟ್‌ವೇರ್ ಹುಡುಗರ ಮೇಜಿಗೆ ಹೋಗುತ್ತದೆ. ಕಾರು ಮಾರಾಟವಾದ ಮೇಲೂ ಮೆನು ಬದಲಿಸಬಹುದು. ಅಷ್ಟೇ ಅಲ್ಲ, ಸ್ವಿಚ್ ಸಾಫ್ಟ್‌ವೇರ್‌ನಲ್ಲಿದ್ದರೆ ಅದಕ್ಕೆ ತಿಂಗಳ ಬಾಡಿಗೆಯನ್ನೂ ಕೇಳಬಹುದು. ಬಿಎಂಡಬ್ಲ್ಯು ಕೆಲವು ದೇಶಗಳಲ್ಲಿ ಬಿಸಿ ಸೀಟಿಗೆ ಚಂದಾ ಕೇಳಿ ಉಗಿಸಿಕೊಂಡಿತು, 2023ರಲ್ಲಿ ಅದನ್ನು ಕೈಬಿಟ್ಟಿತು. ಸೀಟಿನೊಳಗೆ ಹೀಟರ್ ಇದೆ, ಆದರೆ ದುಡ್ಡು ಕಟ್ಟದಿದ್ದರೆ ಬಿಸಿಯಾಗಲ್ಲ. ಬಟನ್ ಕಾಲದಲ್ಲಿ ಇಂಥ ಐಡಿಯಾ ಯಾರಿಗೂ ಹೊಳೆಯುತ್ತಿರಲಿಲ್ಲ, ಅಲ್ವಾ?

2019ರಿಂದ ಮುಂದೆ ಇದು ಅತಿರೇಕಕ್ಕೆ ಹೋಯಿತು. ಫೋಕ್ಸ್‌ವ್ಯಾಗನ್ ಎಂಟನೇ ತಲೆಮಾರಿನ ಗಾಲ್ಫ್ ಮತ್ತು ಐಡಿ.3 ಕಾರುಗಳಲ್ಲಿ ತಾಪಮಾನ ಮತ್ತು ವಾಲ್ಯೂಮ್‌ಗೆ ಸ್ಪರ್ಶ ಪಟ್ಟಿ ಕೊಟ್ಟಿತು. ಆ ಪಟ್ಟಿಗೆ ಒಳಗಿನಿಂದ ಬೆಳಕೇ ಇರಲಿಲ್ಲ! ರಾತ್ರಿ ತಡಕಾಡಬೇಕು. ವಿನ್ಯಾಸದ ಮೀಟಿಂಗ್ ಎಲ್ಲ ಹಗಲು ಹೊತ್ತೇ ನಡೆದಿರಬೇಕು. 2021ರಲ್ಲಿ ಮರ್ಸಿಡಿಸ್ ಇಕ್ಯೂಎಸ್ ಕಾರಿಗೆ ಡ್ಯಾಶ್‌ಬೋರ್ಡ್‌ನ ಈ ತುದಿಯಿಂದ ಆ ತುದಿಯವರೆಗೆ 141 ಸೆಂಟಿಮೀಟರ್ ಗಾಜು ಹೊದಿಸಿತು. ಅದೇ ವರ್ಷ ಟೆಸ್ಲಾ ಮಾಡೆಲ್ ಎಸ್ ಮತ್ತು ಎಕ್ಸ್ ಕಾರುಗಳಿಂದ ಇಂಡಿಕೇಟರ್ ಕಡ್ಡಿಯನ್ನೇ ಕಿತ್ತುಹಾಕಿತು, ಅದರ ಬದಲು ಸ್ಟೇರಿಂಗ್ ಮೇಲೆ ಸ್ಪರ್ಶದ ಬಟನ್. ಸ್ಟೇರಿಂಗ್ ತಿರುಗಿದರೆ ಬಟನ್ನೂ ಜೊತೆಗೆ ತಿರುಗುತ್ತದೆ. ವೃತ್ತದಿಂದ ಹೊರಬರುವಾಗ ಎಡದ ಬಟನ್ ಎಲ್ಲಿದೆ ಅಂತ ಹುಡುಕಬೇಕು.

ಹಾಗಾದರೆ ಇದು ಬರೀ ನನ್ನಂಥ ಕಾರು ಹುಚ್ಚರ ಗೊಣಗಾಟವಾ? ಅಲ್ಲ ಅನ್ನುವುದಕ್ಕೆ ಸ್ವೀಡನ್‌ನ ಕಾರು ಪತ್ರಿಕೆ 'ವಿ ಬಿಲೇಗರೆ' 2022ರಲ್ಲಿ ಒಳ್ಳೆಯ ಪರೀಕ್ಷೆ ಮಾಡಿತು. ಹಳೆಯ ವಿಮಾನ ನಿಲ್ದಾಣದಂಥ ಖಾಲಿ ಜಾಗ, ಗಂಟೆಗೆ 110 ಕಿಲೋಮೀಟರ್ ವೇಗ. ಸೀಟು ಬಿಸಿ ಮಾಡು, ರೇಡಿಯೊ ಹಾಕಿ ಸ್ಟೇಷನ್ ಹಿಡಿ, ಟ್ರಿಪ್ ಮೀಟರ್ ಸೊನ್ನೆ ಮಾಡು, ಮೀಟರ್ ಬೆಳಕು ಕಡಿಮೆ ಮಾಡು. ಇಂಥ ನಾಲ್ಕು ಕೆಲಸ. ಚಾಲಕರಿಗೆ ಮೊದಲೇ ಕಾರಿನ ಪರಿಚಯ ಮಾಡಿಕೊಳ್ಳಲು ಸಮಯ ಕೊಟ್ಟಿದ್ದರು. 11 ಹೊಸ ಕಾರುಗಳ ಜೊತೆ 2005ರ ಒಂದು ಹಳೆ ವೋಲ್ವೊ ವಿ70 ಕೂಡ ಇತ್ತು. ಬಟನ್ ತುಂಬಿದ ಆ ಹಳೆ ವೋಲ್ವೊದಲ್ಲಿ ಎಲ್ಲ ಮುಗಿಯಲು 10 ಸೆಕೆಂಡ್ ಸಾಕಾಯಿತು. ಅಷ್ಟರಲ್ಲಿ ಕಾರು 306 ಮೀಟರ್ ಹೋಗಿತ್ತು. ಕೊನೆಗೆ ಬಂದ ಎಂಜಿ ಮಾರ್ವೆಲ್ ಆರ್‌ಗೆ ಬೇಕಾದದ್ದು 44.9 ಸೆಕೆಂಡ್, 1,372 ಮೀಟರ್. ಒಂದು ಕಿಲೋಮೀಟರ್‌ಗಿಂತ ಜಾಸ್ತಿ ದೂರ, ಗಮನ ಅರ್ಧ ರಸ್ತೆಯಲ್ಲಿ, ಅರ್ಧ ಮೆನುವಿನಲ್ಲಿ.

ಕಾರಣ ಸರಳ. ಬಟನ್ನಿಗೆ ಅಂಚು ಇದೆ, ಜಾಗ ಇದೆ. ಒತ್ತಿದರೆ ಟಿಕ್ ಅನ್ನುತ್ತದೆ. ಕೆಲವೇ ದಿನಗಳಲ್ಲಿ ಕೈ ಅದನ್ನು ಕಲಿತುಬಿಡುತ್ತದೆ, ಕತ್ತಲಲ್ಲೂ ನಾವು ಮನೆಯ ಲೈಟಿನ ಸ್ವಿಚ್ ಹುಡುಕಿಕೊಳ್ಳುವ ಹಾಗೆ. ಗಾಜಿಗೆ ಅಂಚಿಲ್ಲ. ಬೆರಳು ಎಲ್ಲಿದೆ ಅಂತ ಕಣ್ಣೇ ಹೇಳಬೇಕು, ಒತ್ತಿದ್ದು ಸರಿಯಾಯಿತಾ ಅಂತಲೂ ಕಣ್ಣೇ ನೋಡಬೇಕು. ರಸ್ತೆ ಹಾಳಾಗಿದ್ದರೆ ಬೆರಳು ಬೇರೆ ಎಲ್ಲೋ ತಾಗುತ್ತದೆ. ಅಪ್‌ಡೇಟ್ ಬಂದ ಮರುದಿನ ಆ ಐಕಾನ್ ಅದೇ ಜಾಗದಲ್ಲಿ ಇರುತ್ತದೆ ಅನ್ನುವ ಗ್ಯಾರಂಟಿಯೂ ಇಲ್ಲ.

ನ್ಯಾಯಾಲಯಕ್ಕೂ ಈ ವಿಷಯ ಹೋಗಿದೆ. ಜರ್ಮನಿಯಲ್ಲಿ ಒಬ್ಬ ಟೆಸ್ಲಾ ಚಾಲಕ ಜೋರು ಮಳೆಯಲ್ಲಿ ವೈಪರ್ ವೇಗ ಬದಲಿಸಲು ಸ್ಕ್ರೀನ್ ಮೆನುಗೆ ಹೋದರು, ಕಾರು ರಸ್ತೆಯಿಂದ ಹೊರಗೆ ಹೋಯಿತು. 2020ರಲ್ಲಿ ಕಾರ್ಲ್ಸ್‌ರೂಹೆಯ ಉಚ್ಚ ಪ್ರಾದೇಶಿಕ ನ್ಯಾಯಾಲಯ, ಆ ಸ್ಕ್ರೀನ್ ಕೂಡ ಮೊಬೈಲ್‌ನಂಥ ಎಲೆಕ್ಟ್ರಾನಿಕ್ ಸಾಧನಗಳ ನಿಯಮಕ್ಕೇ ಸೇರುತ್ತದೆ ಎಂದಿತು. ಚಾಲಕರಿಗೆ 200 ಯೂರೊ ದಂಡ, ಒಂದು ತಿಂಗಳು ಕಾರು ಓಡಿಸುವ ಹಾಗಿಲ್ಲ. ವಿನ್ಯಾಸ ಮಾಡಿದವರಿಗೆ ಏನೂ ಇಲ್ಲ. ತೀರ್ಪು ಕಾನೂನಿನ ಪ್ರಕಾರ ಸರಿಯೇ ಇರಬಹುದು. ಆದರೆ ಮಳೆಯಲ್ಲಿ ವೈಪರ್ ಸರಿಮಾಡಿಕೊಳ್ಳುವುದು ಓಡಿಸುವವನ ಕೆಲಸ ತಾನೇ?

ಕಾರಿನ ಲೋಕದ ಹೊರಗೂ ಎಚ್ಚರಿಕೆ ಬಂದಿತ್ತು. 2017ರ ಆಗಸ್ಟ್‌ನಲ್ಲಿ ಸಿಂಗಪುರದ ಹತ್ತಿರ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ಒಂದು ಟ್ಯಾಂಕರ್ ಹಡಗಿಗೆ ಡಿಕ್ಕಿ ಹೊಡೆದು 10 ನಾವಿಕರು ಸತ್ತರು. ನಿಯಂತ್ರಣ ಟಚ್‌ಸ್ಕ್ರೀನ್‌ನಲ್ಲಿತ್ತು, ಯಾವುದು ಯಾರ ಕೈಯಲ್ಲಿದೆ ಅಂತ ಸಿಬ್ಬಂದಿಗೆ ಗೊಂದಲವಾಗಿತ್ತು. ತರಬೇತಿಯ ಕೊರತೆ ಸೇರಿ ಬೇರೆ ಕಾರಣಗಳೂ ಇದ್ದವು. ಆಮೇಲೆ ನೌಕಾಪಡೆ ವೇಗದ ನಿಯಂತ್ರಣಕ್ಕೆ ಮತ್ತೆ ಕೈಯಿಂದ ಹಿಡಿಯುವ ಲಿವರ್ ಹಾಕಲು ನಿರ್ಧರಿಸಿತು.

ಗಾಜಿನ ಆಯುಸ್ಸಿನ ಪ್ರಶ್ನೆಯೂ ಇದೆ. 2021ರಲ್ಲಿ ಟೆಸ್ಲಾ ಸುಮಾರು 1,35,000 ಮಾಡೆಲ್ ಎಸ್ ಮತ್ತು ಎಕ್ಸ್ ಕಾರುಗಳನ್ನು ವಾಪಸ್ ಕರೆಯಬೇಕಾಯಿತು. ಸ್ಕ್ರೀನ್ ಹಿಂದಿನ 8 ಜಿಬಿ ಮೆಮೊರಿ ಚಿಪ್, ಅದರಲ್ಲಿ ಮತ್ತೆ ಮತ್ತೆ ಮಾಹಿತಿ ಬರೆದು ಬರೆದು, ಸವೆದುಹೋಗುತ್ತಿತ್ತು. ಚಿಪ್ ಸತ್ತರೆ ಹಿಂಬದಿ ಕ್ಯಾಮೆರಾ ಇಲ್ಲ, ಗಾಜಿನ ಮಂಜು ಬಿಡಿಸುವ ನಿಯಂತ್ರಣವೂ ಇಲ್ಲ. ಒಂದು ಬಟನ್ ಹಾಳಾದರೆ ಒಂದು ಕೆಲಸ ನಿಲ್ಲುತ್ತದೆ. ಸ್ಕ್ರೀನ್ ಹಾಳಾದರೆ ಎಲ್ಲವೂ ಒಟ್ಟಿಗೆ ಹೋಗುತ್ತದೆ.

ವಾಪಸ್ ಬರುವ ಹಾದಿಯನ್ನು ಮೊದಲು ಹಿಡಿದವರಲ್ಲಿ ಹೋಂಡಾ ಒಂದು. ವಾಲ್ಯೂಮ್ ನಾಬ್ ತೆಗೆದು, ಬೈಸಿಕೊಂಡು, ಸಿವಿಕ್‌ಗೆ ಮತ್ತೆ ಹಾಕಿತು. 2020ರ ಜಾಝ್‌ನಲ್ಲಿ ಎಸಿಗೆ ಟಚ್ ಬಿಟ್ಟು ತಿರುಗಿಸುವ ಡಯಲ್ ತಂದಿತು. ಫೋಕ್ಸ್‌ವ್ಯಾಗನ್ ನಿಧಾನಕ್ಕೆ ತಪ್ಪೊಪ್ಪಿಕೊಂಡಿತು. 2024ರ ಗಾಲ್ಫ್‌ನಲ್ಲಿ ಆ ಸ್ಪರ್ಶ ಪಟ್ಟಿಗೆ ಕೊನೆಗೂ ಬೆಳಕು ಬಂತು, ಸ್ಟೇರಿಂಗ್ ಮೇಲೆ ನಿಜವಾದ ಬಟನ್ ಬಂದವು. ಅದರ ವಿನ್ಯಾಸ ಮುಖ್ಯಸ್ಥ ಆಂಡ್ರಿಯಾಸ್ ಮಿಂಟ್ 2025ರಲ್ಲಿ, ಕಾರು ಫೋನ್ ಅಲ್ಲ, ಈ ತಪ್ಪು ಇನ್ನು ಮಾಡುವುದಿಲ್ಲ ಅನ್ನುವ ಅರ್ಥದಲ್ಲಿ ಮಾತಾಡಿದರು. ವಾಲ್ಯೂಮ್, ಎರಡೂ ಬದಿಯ ತಾಪಮಾನ, ಫ್ಯಾನ್, ಹಜಾರ್ಡ್ ಲೈಟ್, ಇವು ಮುಂದಿನ ಎಲ್ಲ ಕಾರುಗಳಲ್ಲೂ ಸ್ಕ್ರೀನ್ ಕೆಳಗೆ ಬಟನ್ ಆಗಿಯೇ ಇರುತ್ತವೆ ಎಂದರು. ಐಡಿ.2ಆಲ್ ಅನ್ನುವ ಕಾನ್ಸೆಪ್ಟ್ ಕಾರಿನಿಂದ (ಮಾರಾಟಕ್ಕೆ ಮೊದಲು ತೋರಿಸುವ ನಮೂನೆ) ಬರುವ ಐಡಿ. ಪೋಲೊ ಆ ದಾರಿಯ ಕಾರು. ಫೆರಾರಿ ಕೂಡ ತನ್ನ ಅಮಾಲ್ಫಿ ಕಾರಿನಲ್ಲಿ ಸ್ಟೇರಿಂಗ್ ಮೇಲಿನ ಸ್ಪರ್ಶ ಬಟನ್‌ಗಳನ್ನು ಬಿಟ್ಟು ಒತ್ತುವ ಬಟನ್, ಕೆಂಪು ಸ್ಟಾರ್ಟ್ ಬಟನ್ ವಾಪಸ್ ತಂದಿತು. ಟೆಸ್ಲಾ 2025ರ ಹೊಸ ಮಾಡೆಲ್ ವೈನಲ್ಲಿ ಇಂಡಿಕೇಟರ್ ಕಡ್ಡಿಯನ್ನು ಉಳಿಸಿಕೊಂಡಿತು. ಇದು ಟೆಸ್ಲಾ ಮಟ್ಟಿಗೆ ಸಣ್ಣ ವಿಷಯವೇನಲ್ಲ.

ಇದರ ಹಿಂದೆ, ಹೊಸ ಕಾರುಗಳ ಸುರಕ್ಷತೆ ಪರೀಕ್ಷಿಸಿ ಸ್ಟಾರ್ ಕೊಡುವ ಯುರೋಪಿನ ಸಂಸ್ಥೆ ಯೂರೋ ಎನ್‌ಕ್ಯಾಪ್‌ನ ಕೈಯೂ ಇದೆ. ಇಂಡಿಕೇಟರ್, ಹಜಾರ್ಡ್ ಲೈಟ್, ವೈಪರ್, ಹಾರ್ನ್, ತುರ್ತು ಕರೆ, ಈ ಐದಕ್ಕೆ ಪ್ರತ್ಯೇಕ ನಿಯಂತ್ರಣ ಇಲ್ಲದಿದ್ದರೆ 2026ರಿಂದ ಪೂರ್ತಿ ಅಂಕ ಸಿಗುವುದಿಲ್ಲ ಎಂದು ಅದು 2024ರಲ್ಲೇ ಹೇಳಿತು. ಅದು ಕಾನೂನಲ್ಲ, ಆದರೆ ಐದು ಸ್ಟಾರ್ ಬಿಟ್ಟುಕೊಡಲು ಯಾವ ಕಂಪನಿಗೆ ತಾನೇ ಇಷ್ಟ? ಗಮನಿಸಿ, ಆ ಪಟ್ಟಿಯಲ್ಲಿ ಎಸಿ ಇಲ್ಲ, ವಾಲ್ಯೂಮ್ ಇಲ್ಲ. ಮಂಜು ಬಿಡಿಸುವುದೂ ಇಲ್ಲ. ಅಷ್ಟು ಮಾಡಿ ಉಳಿದದ್ದನ್ನೆಲ್ಲ ಗಾಜಿನೊಳಗೇ ಇಡಲು ಕಂಪನಿಗಳಿಗೆ ಅಡ್ಡಿಯಿಲ್ಲ.

ಅದಕ್ಕೇ ಬೇರೆ ಕೆಲವರು ಉಲ್ಟಾ ದಿಕ್ಕಿನಲ್ಲಿ ಹೋಗುತ್ತಿದ್ದಾರೆ. ನನಗೆ ಅತಿ ಬೇಜಾರಾದದ್ದು ಮಜ್ದಾ ವಿಷಯದಲ್ಲಿ. 2019ರ ಮಜ್ದಾ 3ರಲ್ಲಿ ಟಚ್ ಅನ್ನೇ ಬೇಡ ಅಂತ ತೆಗೆದು, ನಾಬ್ ಕೊಟ್ಟ ಧೈರ್ಯದ ಕಂಪನಿ ಅದು. 2025ರಲ್ಲಿ ತೋರಿಸಿದ ಹೊಸ ಸಿಎಕ್ಸ್-5ನಲ್ಲಿ ನಾಬ್ ಇಲ್ಲ. ಮೇಲಿನ ವೇರಿಯಂಟ್‌ಗೆ 15.6 ಇಂಚಿನ ಟಚ್‌ಸ್ಕ್ರೀನ್, ಎಸಿ ಕೂಡ ಅದರೊಳಗೆ. ಧ್ವನಿಯಲ್ಲಿ ಹೇಳಿದರೆ ಸಾಕು ಅನ್ನುವುದು ಇಂಥ ಕಡೆ ಬರುವ ಸಮಾಧಾನ. ಹಿಂದಿನ ಸೀಟಿನಲ್ಲಿ ಮಗು ಅಳುತ್ತಿರುವಾಗ ಹೇಳಿ ನೋಡಲಿ. ಬಿಎಂಡಬ್ಲ್ಯು ಕಥೆಯೂ ಅಷ್ಟೇ. ಬೈಗುಳ ತಿಂದು, ತಿದ್ದಿ, ಎಲ್ಲರೂ ನಕಲು ಮಾಡುವ ಮಟ್ಟಕ್ಕೆ ತಂದ ಆ ಐಡ್ರೈವ್ ನಾಬ್ 2025ರ ಹೊಸ ಐಎಕ್ಸ್3ನಲ್ಲಿ ಇಲ್ಲ. ಮುಂಗಾಜಿನ ಬುಡದಲ್ಲಿ ಉದ್ದಕ್ಕೆ ಮಾಹಿತಿ ತೋರಿಸುವ ಪಟ್ಟಿ ಬಂದಿದೆ. ಅದು ಒಳ್ಳೆಯದೇ, ಕಣ್ಣು ಮೇಲೆಯೇ ಇರುತ್ತದೆ. ಆದರೆ ಕೈಗೆ ಸಿಕ್ಕಿದ್ದು 17.9 ಇಂಚಿನ ಗಾಜು.

ಸ್ಕ್ರೀನ್ ಬೇಡವೇ ಬೇಡ ಅನ್ನುವವನಲ್ಲ ನಾನು. ಮ್ಯಾಪ್‌ಗೆ, ಕ್ಯಾಮೆರಾಗೆ, ನಿಂತಾಗ ಮಾಡುವ ಸೆಟ್ಟಿಂಗ್‌ಗಳಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಪ್ರಶ್ನೆ ಇರುವುದು ಓಡುತ್ತಿರುವಾಗ ಬೇಕಾಗುವ ಏಳೆಂಟು ಕೆಲಸಗಳದ್ದು ಮಾತ್ರ. ಹಾಗಾಗಿ ಹೊಸ ಕಾರು ನೋಡಲು ಹೋದರೆ, ಶೋರೂಮಿನಲ್ಲಿ ಸ್ಕ್ರೀನ್ ಎಷ್ಟು ಇಂಚು ಅಂತ ಕೇಳುವ ಬದಲು ನಿಂತ ಕಾರಿನಲ್ಲೇ ಎದುರಿನ ಗೋಡೆ ನೋಡುತ್ತಾ ಕುಳಿತುಕೊಳ್ಳಿ. ಕಣ್ಣು ಕೆಳಗಿಳಿಸದೆ ಫ್ಯಾನ್ ಎರಡು ಹಂತ ಕಡಿಮೆ ಮಾಡಿ, ವೈಪರ್ ಜೋರು ಮಾಡಿ, ಮುಂಗಾಜಿನ ಮಂಜು ಬಿಡಿಸುವುದನ್ನು ಆನ್ ಮಾಡಿ. ಮೊದಲ ಸಲ ಆಗದಿದ್ದರೆ ಪರವಾಗಿಲ್ಲ, ಒಮ್ಮೆ ನೋಡಿಕೊಂಡು ಮತ್ತೆ ಮಾಡಿ. ನಾಲ್ಕನೇ ಸಲಕ್ಕೂ ಕಣ್ಣು ಬೇಕೇ ಬೇಕು ಅನಿಸಿದರೆ, ಮಾರಾಟದವರು ಮುಂದಿನ ಅಪ್‌ಡೇಟ್‌ನಲ್ಲಿ ಸರಿಹೋಗುತ್ತದೆ ಅಂದರೂ ನಂಬಬೇಡಿ.